‘ಮಲೆನಾಡಿನ ಹಳ್ಳಿಗಳಲ್ಲಿ ಜನರೇ ಇಲ್ಲ’ ಎಂಬ ಮೆಸೇಜ್ ಬಂತೇ? ಜನಗಣತಿಯಲ್ಲಿ ಹೀಗೆ ಹುಡುಕಿ ನೋಡಿ

‘2021ರ ಜನಗಣತಿ ಪ್ರಕಾರ ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಊರುಗಳಲ್ಲಿ ಒಬ್ಬರೂ ಇಲ್ಲ, ಉಳಿದವರೆಲ್ಲ ವಯಸ್ಸಾದವರೇ.’ ಈ ಧಾಟಿಯ ಮೆಸೇಜ್ ನಿಮ್ಮ ಊರಿನ ಗ್ರೂಪಿಗೆ ಬಂದಿತು ಎಂದುಕೊಳ್ಳಿ. ಓದಿದ ತಕ್ಷಣ ನಿಜ ಅನ್ನಿಸುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಅಡಿಕೆ ತೋಟ ನೋಡಿಕೊಳ್ಳಲು ಅಪ್ಪ ಅಮ್ಮ ಇಬ್ಬರೇ – ಇಂಥ ಮನೆ ನಮ್ಮೆಲ್ಲರ ಊರಿನಲ್ಲೂ ಇದೆ. ಆದರೆ ನಾವು ಕಂಡಿದ್ದು ನಿಜ ಎಂದ ಮಾತ್ರಕ್ಕೆ ಮೆಸೇಜಿನಲ್ಲಿರುವ ಲೆಕ್ಕವೂ ನಿಜವಾಗಬೇಕಿಲ್ಲ. ಒಂದೊಂದಾಗಿ ನೋಡೋಣ.

2021ರ ಜನಗಣತಿ ಎಲ್ಲಿದೆ?

ಎಲ್ಲೂ ಇಲ್ಲ. ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋದ ಆ ಗಣತಿ ನಡೆಯಲೇ ಇಲ್ಲ. ಹಳ್ಳಿ ಹಳ್ಳಿಯ ಲೆಕ್ಕ ಸಿಗುವ ಕೊನೆಯ ಜನಗಣತಿ 2011ರದ್ದು. ಮುಂದಿನದಕ್ಕೆ ಕೇಂದ್ರ ಸರ್ಕಾರ ಜೂನ್ 2025ರಲ್ಲಿ ಅಧಿಸೂಚನೆ ಹೊರಡಿಸಿದೆ. ನಮ್ಮ ರಾಜ್ಯಕ್ಕೆ 2027ರ ಮಾರ್ಚ್ 1 ಅದರ ಎಣಿಕೆಯ ದಿನ. ಹಾಗಾಗಿ ‘2021ರ ಜನಗಣತಿ ಪ್ರಕಾರ’ ಎಂದು ಶುರುವಾಗುವ ಯಾವ ಮೆಸೇಜನ್ನೂ ಅಲ್ಲೇ ನಿಲ್ಲಿಸಬಹುದು.

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2015ರಲ್ಲಿ ಮತ್ತು 2025ರಲ್ಲಿ ನಡೆಸಿದ್ದು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಜನ ಅದನ್ನು ಜಾತಿಗಣತಿ ಎನ್ನುತ್ತಾರೆ. ಅದು ಬೇರೆ, ಹತ್ತು ವರ್ಷಕ್ಕೊಮ್ಮೆ ಕೇಂದ್ರ ನಡೆಸುವ ಜನಗಣತಿ ಬೇರೆ.

‘ಸೊನ್ನೆ ಜನ’ ಅಂದರೆ ಊರು ಬಿಟ್ಟು ಹೋದರು ಎಂದೇ?

ಜನಗಣತಿಯ ಪಟ್ಟಿಯಲ್ಲಿ ಜನಸಂಖ್ಯೆ ಸೊನ್ನೆ ಎಂದಿರುವ ಗ್ರಾಮಗಳು ಇರುವುದು ನಿಜ. ಆದರೆ ಅಲ್ಲಿ ‘ಗ್ರಾಮ’ ಎಂದರೆ ಕಂದಾಯ ಗ್ರಾಮ. ಪಹಣಿಯಲ್ಲಿ ಹೆಸರಿದ್ದು, ಸರ್ವೆ ನಂಬರ್ ಇದ್ದು, ಒಂದೂ ಮನೆ ಇಲ್ಲದ ಗ್ರಾಮಗಳನ್ನು ನಾವು ಬೇಚರಾಕ್ ಗ್ರಾಮ ಎನ್ನುತ್ತೇವೆ. ಕೆಲವು ಬರೀ ಕಾಡು, ಕೆಲವು ಹಿನ್ನೀರಿನ ಅಡಿ. ಆ ಸೊನ್ನೆ ನಿನ್ನೆ ಮೊನ್ನೆಯದೋ, ಹಳೆಯದೋ ಎಂದು ತಿಳಿಯಲು 2001, 1991ರ ಪಟ್ಟಿಯಲ್ಲೂ ಅದೇ ಗ್ರಾಮವನ್ನು ನೋಡಬೇಕು. ಒಂದೇ ವರ್ಷದ ಪಟ್ಟಿ ನೋಡಿ ‘ಖಾಲಿಯಾಯಿತು’ ಎನ್ನಲು ಬರುವುದಿಲ್ಲ.

ಇಡೀ ಜಿಲ್ಲೆಯ ಲೆಕ್ಕ ಏನು ಹೇಳುತ್ತದೆ? ಶಿವಮೊಗ್ಗ ಜಿಲ್ಲೆಯಲ್ಲಿ 2001ರಲ್ಲಿ 16,42,545 ಜನರಿದ್ದರು. 2011ರಲ್ಲಿ 17,52,753. ಏರಿಕೆ ಸುಮಾರು ಶೇ 6.7. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ಸುಮಾರು ಶೇ 15.6. ಅಂದರೆ ಜಿಲ್ಲೆ ಬೆಳೆದದ್ದು ನಿಧಾನವಾಗಿ, ಆದರೆ ಕುಗ್ಗಲಿಲ್ಲ. ಇದರಲ್ಲಿ ಶಿವಮೊಗ್ಗ, ಭದ್ರಾವತಿ ಪೇಟೆಗಳೂ ಸೇರಿವೆ. ಆದ್ದರಿಂದ ಈ ಮೂರು ತಾಲ್ಲೂಕುಗಳ ಬಗ್ಗೆ ಮಾತಾಡುವವರು ತಾಲ್ಲೂಕಿನ ಪಟ್ಟಿಯನ್ನೇ ತೆಗೆಯಬೇಕು.

‘ವಯಸ್ಸಾದವರೇ ಉಳಿದಿದ್ದಾರೆ’ ಎಂಬ ಮಾತು?

ಗ್ರಾಮವಾರು ಪಟ್ಟಿಯಲ್ಲಿ ಮನೆಗಳು, ಗಂಡಸರು, ಹೆಂಗಸರು, ಪರಿಶಿಷ್ಟ ಜಾತಿ, ಪಂಗಡ, ಓದುಬರಹ ಬಲ್ಲವರು, ಕೆಲಸಗಾರರು – ಇವೆಲ್ಲ ಇರುತ್ತವೆ. ವಯಸ್ಸಿನ ವಿಷಯಕ್ಕೆ ಬಂದರೆ 0–6 ವರ್ಷದ ಮಕ್ಕಳ ಲೆಕ್ಕ ಮಾತ್ರ. ಅರವತ್ತು ದಾಟಿದವರ ಗ್ರಾಮವಾರು ಲೆಕ್ಕ ಅದರಲ್ಲಿಲ್ಲ. ಯಾರಾದರೂ ‘ನಮ್ಮೂರಲ್ಲಿ ಶೇ 70 ವೃದ್ಧರು, ಜನಗಣತಿ ಹೇಳಿದೆ’ ಎಂದರೆ ಯಾವ ಪಟ್ಟಿ ಎಂದು ಕೇಳಿ.

ಎಲ್ಲಿ ಹುಡುಕಬೇಕು?

ಭಾರತದ ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ‘ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್’ ಎಂದು ಹುಡುಕಿ. ಹಣ ಕೊಡಬೇಕಿಲ್ಲ. 2011ರ ಹ್ಯಾಂಡ್‌ಬುಕ್ಕಿನ ‘ಎ’ ಭಾಗದಲ್ಲಿ ಊರಿನ ಶಾಲೆ, ಆಸ್ಪತ್ರೆ, ರಸ್ತೆಯ ವಿವರ. ‘ಬಿ’ ಭಾಗದಲ್ಲಿ ಜನರ ಲೆಕ್ಕ. ಹಳೆಯ ದಶಕಗಳ ಸ್ಕ್ಯಾನ್ ಪ್ರತಿಗಳೂ ಇವೆ.

ಹುಡುಕುವಾಗ ಹೆಸರು ಕೈಕೊಡುತ್ತದೆ. ಜಿಲ್ಲೆ ‘ಶಿವಮೊಗ್ಗ’ ಎಂದು ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಅದಕ್ಕೂ ಮೊದಲಿನ ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಶಿಮೊಗ’. 1971ರವರೆಗಿನ ಗಣತಿಯಲ್ಲಿ ರಾಜ್ಯದ ಹೆಸರು ‘ಮೈಸೂರು’. ಇನ್ನೂ ಹಿಂದೆ ಹೋದರೆ ಹೊಸನಗರ ತಾಲ್ಲೂಕು ‘ನಗರ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಆರೋಗ್ಯ, ಪೌಷ್ಟಿಕತೆಯ ಅಂಕಿ ಬೇಕಾದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಅದರ ಪ್ರಕಟಿತ ವರದಿ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ, ತೀರ್ಥಹಳ್ಳಿಗೆ ಎಂದು ಪ್ರತ್ಯೇಕವಾಗಿ ಇರುವುದಿಲ್ಲ. ರಾಜ್ಯದ ಅರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ‘ಜಿಲ್ಲಾ ಅಂಕಿ ಅಂಶಗಳ ನೋಟ’ದಲ್ಲಿ ತಾಲ್ಲೂಕುವಾರು ಮಳೆ, ಬೆಳೆ, ಶಾಲೆಗಳ ವಿವರ ಸಿಗುತ್ತದೆ.

ಒಂದೇ ಗಣತಿಗೆ ಎರಡು ಸಂಖ್ಯೆ ಕಂಡರೂ ಗಾಬರಿ ಬೇಡ. 2011ರಲ್ಲಿ ರಾಜ್ಯದ ತಾತ್ಕಾಲಿಕ ಲೆಕ್ಕ 6,11,30,704; ಅಂತಿಮ ಲೆಕ್ಕ 6,10,95,297. ಅಂತಿಮದ್ದನ್ನೇ ಬಳಸಿ.

ಮುಳುಗಿದ ಊರುಗಳ ಲೆಕ್ಕ

ಇದು ಬರೀ ಪಿಎಚ್‌.ಡಿ. ಮಾಡುವವರ ಕೆಲಸವಲ್ಲ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರದ ಅನೇಕ ಊರುಗಳು ನೀರಿನಡಿ ಹೋದವು. ಆ ಕುಟುಂಬಗಳ ಮೂರನೇ ತಲೆಮಾರು ಇಂದಿಗೂ ತಾವಿರುವ ಜಾಗದ ಹಕ್ಕುಪತ್ರ ಕೇಳುತ್ತಿದೆ. 1961ರ ಗಣತಿ ನಡೆದದ್ದು ಮುಳುಗಡೆಗೆ ಮೊದಲು, 1971ರದ್ದು ನಂತರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಜ್ಜನ ಊರಿನಲ್ಲಿ ಎಷ್ಟು ಮನೆ, ಎಷ್ಟು ಜನ ಇದ್ದರು, ಆಮೇಲೆ ಏನಾಯಿತು ಎಂದು ಕಾಣುತ್ತದೆ.

ಆದರೆ ಅಲ್ಲಿ ಅಜ್ಜನ ಹೆಸರು ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟು. ಅದನ್ನು ಯಾರೂ ತೆಗೆದು ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಜಮೀನಿನ ವ್ಯಾಜ್ಯಕ್ಕೆ ಸಾಕ್ಷಿಯಾಗಿಯೂ ಒಪ್ಪುವುದಿಲ್ಲ. ‘ಜನಗಣತಿಯಿಂದ ನಿಮ್ಮ ಹಿರಿಯರ ಹೆಸರು ತೆಗೆಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಹೆಸರಿಗೆ ಬೇಕಾದದ್ದು ಕಂದಾಯ ಮತ್ತು ಭೂಸ್ವಾಧೀನದ ಹಳೆಯ ಕಡತಗಳು.

ಹಾಗಾದರೆ ಮಲೆನಾಡು ಖಾಲಿಯಾಗುತ್ತಿದೆಯೇ? 2011ರ ನಂತರದ ಗ್ರಾಮವಾರು ಉತ್ತರ ಮುಂದಿನ ಗಣತಿಯಿಂದಲೇ ಬರಬೇಕು. ಅಲ್ಲಿಯವರೆಗೆ ಮೆಸೇಜ್ ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ: ಯಾವ ವರ್ಷದ್ದು? ಯಾವ ಪಟ್ಟಿ? ಗ್ರಾಮದ್ದೋ, ತಾಲ್ಲೂಕಿನದ್ದೋ, ಜಿಲ್ಲೆಯದ್ದೋ? ಉತ್ತರ ಬಂದ ಮೇಲೆ ಬೇಕಾದರೆ ಫಾರ್ವರ್ಡ್ ಮಾಡಿ.