ಪೆನ್‌ಡ್ರೈವ್‌ನಲ್ಲಿ ಮಲಗಿದ್ದ ಒಂಬತ್ತು ಕಥೆಗಳು

ನಾನು ಪುಣೆಗೆ ಬಂದದ್ದು 2005ರಲ್ಲಿ. ಕೊಥ್ರೂಡಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಹೊತ್ತು ಕೂತು ಎರಡು ವರ್ಷದಲ್ಲಿ ಒಂಬತ್ತು ಕಥೆ ಬರೆದಿದ್ದೆ. ಆಮೇಲೆ ಮದುವೆ, ಮನೆಸಾಲ, ಮಗಳು. ಕಥೆಗಳು ಒಂದು ಪೆನ್‌ಡ್ರೈವ್‌ನಲ್ಲಿ ಉಳಿದುಬಿಟ್ಟವು.

ಕಳೆದ ದೀಪಾವಳಿಗೆ ಕಪಾಟು ಸ್ವಚ್ಛ ಮಾಡುವಾಗ ಅದು ಸಿಕ್ಕಿತು. ಎಂಟನೇ ತರಗತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಮ್ಮೆಯಿಂದ ಫೈಲ್ ತೆರೆದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆಗಳ ಕಲಸುಮೇಲೋಗರ. ‘ಅಪ್ಪಾ, ಇದೇನಾ ಕನ್ನಡ?’ ಎಂದಳು.

ಫೈಲ್ ಹಾಳಾಗಿದೆ ಎಂದು ಅಳಿಸಲು ಹೊರಟಿದ್ದೆ. ಹಾಳಾಗಿರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಆಗ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆಯುತ್ತಿದ್ದೆವು. ಅಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತವನ್ನೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. ‘ಕ’ ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ. ಫಾಂಟ್ ಬದಲಾದರೂ ‘ಕ’ ‘ಕ’ವೇ.

ನಿಮ್ಮ ಬಳಿಯೂ ಇಂಥ ಫೈಲ್‌ಗಳಿದ್ದರೆ ಮೊದಲು ಒಂದು ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಉಚಿತವಾಗಿ ಸಿಗುವ ನುಡಿ ಫಾಂಟ್ ಹಾಕಿಕೊಂಡರೆ ಹಳೆಯ ನುಡಿ ಬರಹ ಕಣ್ಣಿಗೆ ಕಾಣುತ್ತದೆ. ನಂತರ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಆಮೇಲಿನ ಕೆಲಸವೇ ಮುಖ್ಯ: ಸಾಲು ಸಾಲಾಗಿ ಓದಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿರುತ್ತದೆ. ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳ ಮೇಲೂ ಕಣ್ಣಿಡಿ. ಒಂಬತ್ತು ಕಥೆ ತಿದ್ದಲು ನನಗೆ ಮೂರು ಭಾನುವಾರ ಬೇಕಾಯಿತು.

ಹೊಸದಾಗಿ ಬರೆಯುವವರು ಯೂನಿಕೋಡ್‌ನಲ್ಲೇ ಶುರು ಮಾಡಿ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಳ್ಳಬಹುದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿಗೆ ಹತ್ತಿದವರು ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಸಾಕು. ಕೈಗೆ ಹೊಸ ಪಾಠ ಬೇಡ. ಲೋಕಲ್ ಟ್ರೈನಿನಲ್ಲೋ ಕ್ಯಾಬ್‌ನಲ್ಲೋ ಹೊಳೆದದ್ದನ್ನು ಜಿಬೋರ್ಡ್‌ಗೆ ಕನ್ನಡದಲ್ಲೇ ಹೇಳಿ, ಅದು ಬರೆದುಕೊಳ್ಳುತ್ತದೆ. ಪೂರ್ಣವಿರಾಮ, ಪ್ಯಾರಾಗಳನ್ನು ಮನೆಗೆ ಬಂದು ಸರಿಪಡಿಸಿದರಾಯಿತು.

ಮುದ್ರಕರು ‘ನುಡಿಯಲ್ಲೇ ಕೊಡಿ’ ಎಂದರೆ ಅವರಿಗೊಂದು ನುಡಿ ಪ್ರತಿ ಮಾಡಿಕೊಡಿ, ಮೂಲ ಮಾತ್ರ ಯೂನಿಕೋಡ್‌ನಲ್ಲೇ ಇರಲಿ. ಜೊತೆಗೆ ಪಿಡಿಎಫ್ ಕಳಿಸಿದರೆ ಅಕ್ಷರ ಎಲ್ಲಿ ತಪ್ಪಿದೆ ಎಂದು ಅವರಿಗೆ ಹೋಲಿಸಲು ಅನುಕೂಲ. ಲ್ಯಾಪ್‌ಟಾಪ್‌ನಲ್ಲೊಂದು, ಗೂಗಲ್ ಡ್ರೈವ್‌ನಲ್ಲೊಂದು, ಊರಿನ ಮನೆಯ ಪೆನ್‌ಡ್ರೈವ್‌ನಲ್ಲೊಂದು ಪ್ರತಿ ಇಡಿ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಇದು ಅಗತ್ಯ.

ನನಗೆ ನಿಜವಾದ ಲಾಭ ಆಮೇಲೆ ತಿಳಿಯಿತು. ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದು ದೇವನಾಗರಿ. ‘ಅಕ್ಷರಮುಖ’ ಎಂಬ ಲಿಪಿ ಪರಿವರ್ತಕದಲ್ಲಿ ನನ್ನ ಕಥೆಗಳನ್ನು ಹಾಕಿದೆ. ಭಾಷೆ ಕನ್ನಡವೇ, ಲಿಪಿ ಮಾತ್ರ ದೇವನಾಗರಿ. ಯೂನಿಕೋಡ್ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಹ್ರಸ್ವ ‘ಎ’, ‘ಒ’ ಚಿಹ್ನೆಗಳು ಮರಾಠಿ ಬರವಣಿಗೆಯಲ್ಲಿ ಬಳಕೆಯಲ್ಲಿಲ್ಲ. ಅಲ್ಲಿ ಸ್ವಲ್ಪ ತಡವರಿಸಿದಳು. ಕಿವಿಗೆ ಗೊತ್ತಿದ್ದ ಕನ್ನಡ ಕೈ ಹಿಡಿಯಿತು. ಕನ್ನಡ ಲಿಪಿ ಕಲಿಯುವುದಕ್ಕೆ ಇದು ಬದಲಿಯಲ್ಲ, ಗೊತ್ತು. ಆದರೆ ಅಪ್ಪ ಏನು ಬರೆದಿದ್ದ ಎಂದು ತಿಳಿಯಲು ಅವಳು ಅಲ್ಲಿಯವರೆಗೆ ಕಾಯಬೇಕಾಗಲಿಲ್ಲ.

ಒಂಬತ್ತನೇ ಕಥೆ ಓದಿ ಮುಗಿಸಿ ಕೇಳಿದಳು: ‘ಅಜ್ಜಿ ಬಸ್ಸು ಹತ್ತಿದ್ಲು. ಆಮೇಲೇನಾಯ್ತು ಅಪ್ಪಾ?’

ಆ ಕಥೆಯನ್ನು ನಾನು ಮುಗಿಸಿಯೇ ಇರಲಿಲ್ಲ. ಈಗ ಬರೆಯುತ್ತಿದ್ದೇನೆ.