ಬೀದಿಯ ನಲ್ಲಿ, ಊರಿನ ಲೆಕ್ಕ

ಮಿತವ್ಯಯವೆಂಬುದು ಮನೆಯಲ್ಲಿ ಗೃಹಿಣಿಯ ಗುಣ. ಕಚೇರಿಯಲ್ಲಿ ಅದು ಬಹುಮಟ್ಟಿಗೆ ಸುತ್ತೋಲೆಯ ಮಾತು. ಇವೆರಡಕ್ಕೂ ಇರುವ ಅಂತರ ನನಗೆ ಮನವರಿಕೆಯಾದದ್ದು ಒಂದು ನಲ್ಲಿಯ ಬಳಿ.

ಹಾಸನ ಜಿಲ್ಲೆಯ ಊರೊಂದರಲ್ಲಿ (ಹೆಸರು ಬೇಡ) ಬಸ್ಸಿಗಾಗಿ ಕಾಯುತ್ತಿದ್ದೆ. ಎದುರಿನ ಬೀದಿನಲ್ಲಿಗೆ ತಿರುಪೇ ಇರಲಿಲ್ಲ. ನೀರು ಸಣ್ಣ ಧಾರೆಯಾಗಿ ಚರಂಡಿ ಸೇರುತ್ತಿತ್ತು. ಮುದುಕಿಯೊಬ್ಬಳು ಹತ್ತು ಲೀಟರಿನ ಕೊಡವನ್ನು ಅದರ ಕೆಳಗಿಟ್ಟಳು. ಗಡಿಯಾರ ನೋಡಿದೆ; ತುಂಬಲು ಐದು ನಿಮಿಷ ಹಿಡಿಯಿತು.

“ಎಂದಿನಿಂದ ಹೀಗಿದೆ, ಅಜ್ಜಿ?”

“ಯುಗಾದಿಗೆ ಮುಂಚಿನಿಂದ ಹೀಗೇ ಐತೆ ಕಣಪ್ಪ. ಹೇಳೋರಿಗೆಲ್ಲ ಹೇಳಾಯ್ತು.”

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ದಿನಕ್ಕೆ ಆರು ಗಂಟೆ ಮಾತ್ರ ನೀರು ಬಿಡುತ್ತಾರೆಂದರೂ 720 ಲೀಟರ್ ಪೋಲು. ಒಳಚರಂಡಿಯುಳ್ಳ ಊರಿಗೆ ತಲೆಗೆ ದಿನವೊಂದಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. ಎಂದರೆ, ಐವರ ಸಂಸಾರವೊಂದರ ನೀರು ನಿತ್ಯವೂ ಚರಂಡಿಯ ಪಾಲು! ಹನಿಗೂಡಿದರೆ ಹಳ್ಳವೆಂಬ ಗಾದೆ ಗಳಿಕೆಗೆ ಹೇಗೋ ನಷ್ಟಕ್ಕೂ ಹಾಗೆಯೇ.

ನೀರು ತಾನಾಗಿ ಬರುವುದೂ ಅಲ್ಲ. ಹೊಳೆನರಸೀಪುರವೇನೋ ಹೇಮಾವತಿಯ ದಡದಲ್ಲಿದೆ. ಆದರೆ ಎತ್ತರದ ಹಾಸನಕ್ಕೆ ಅದೇ ಹೊಳೆ ಗೊರೂರಿನಿಂದ ಯಂತ್ರಬಲದಿಂದ ಮೇಲೇರಿ ಬರಬೇಕು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು, ಪಂಪಿನ ನಷ್ಟವೂ ಸೇರಿ, ಸುಮಾರು ಅರ್ಧ ಯೂನಿಟ್ ವಿದ್ಯುತ್ತು ಬೇಕು. ಶೋಧಿಸಿ, ಕ್ಲೋರಿನ್ ಬೆರೆಸುವ ಖರ್ಚು ಬೇರೆ. ಬೆಳಗಾದ ಮೇಲೂ ಉರಿಯುವ ಬೀದಿದೀಪದ ಕಥೆಯೂ ಇದೇ. 40 ವಾಟಿನ ನೂರು ದೀಪಗಳು ದಿನಕ್ಕೆ ಎರಡು ಗಂಟೆ ವ್ಯರ್ಥವಾಗಿ ಉರಿದರೆ ವರ್ಷಕ್ಕೆ 2,920 ಯೂನಿಟ್ ಹೋಯಿತು.

ಆದರೆ ಖರ್ಚು ತಗ್ಗಿಸಿರೆಂದೊಡನೆ ಕತ್ತರಿ ಮೊದಲು ಬೀಳುವುದು ನಲ್ಲಿಯ ಮೇಲಲ್ಲ, ಪೊರಕೆ ಹಿಡಿದವರ ಕೂಲಿಯ ಮೇಲೆ. ಇದು ಮಿತವ್ಯಯವಲ್ಲ, ಲೋಭ. ಮಲ ಹೊರುವ ಪದ್ಧತಿ ಎಷ್ಟೋ ಕಾಲ ಉಳಿದದ್ದು ಅದು ಅಗ್ಗವಾಗಿದ್ದುದರಿಂದಲೂ ಹೌದು. 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಲು ಮುಂದಾದಾಗ ಅವರು ನೋಡಿದ್ದು ಮನುಷ್ಯನ ತಲೆಯನ್ನು, ಖರ್ಚಿನ ಪಟ್ಟಿಯನ್ನಲ್ಲ. ಯಾವುದನ್ನು ಉಳಿಸಬಾರದೆಂದು ತಿಳಿಯುವುದೂ ಲೆಕ್ಕವೇ.

ಹಾಗಾದರೆ ಉಳಿಸುವುದೆಲ್ಲಿ? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರೂ ಹಾಸನದಿಂದ ಸುಮಾರು ನಲವತ್ತು ಕಿಲೋಮೀಟರಿನೊಳಗಿವೆ. ಪಂಪಿನ ಕುಶಲ ರಿಪೇರಿಗಾರ, ಸೋರಿಕೆ ಪತ್ತೆಮಾಡುವ ಸಲಕರಣೆ ಇವು ಪ್ರತಿ ಊರಿಗೂ ಪ್ರತ್ಯೇಕವಾಗಿ ಬೇಕೆ? ನಾಲ್ಕೂ ಊರುಗಳು ಒಟ್ಟಾಗಿ ಇಟ್ಟುಕೊಳ್ಳಬಹುದು. ದೀಪಗಳನ್ನು ಒಟ್ಟಾಗಿ ಕೊಂಡರೆ ದರವೂ ಇಳಿದೀತು. ಹಸಿಕಸವನ್ನು ಮನೆಯಲ್ಲೇ ಬೇರ್ಪಡಿಸಿದರೆ ಅದು ಗೊಬ್ಬರವಾಗಿ ಆಲೂಗೆಡ್ಡೆಯ ಹೊಲ ಸೇರುತ್ತದೆ. ಲಾರಿಯ ಬಾಡಿಗೆ ಉಳಿಯುತ್ತದೆ. ನಾಗರಿಕರ ಪಾಲೂ ಇದೆ: ಆಸ್ತಿತೆರಿಗೆಯನ್ನು ಏಪ್ರಿಲಿನಲ್ಲೇ ಕಟ್ಟಿದವರಿಗೆ ಶೇ. 5ರ ರಿಯಾಯಿತಿಯುಂಟು, ಊರಿಗೂ ವರ್ಷದ ಮೊದಲಲ್ಲೇ ಕೈಯಲ್ಲಿ ಹಣ.

ಕೆಲವು ವಾರಗಳ ತರುವಾಯ ಅದೇ ಬೀದಿಗೆ ಮತ್ತೆ ಹೋದೆ. ನಲ್ಲಿಯ ಬಾಯಿಗೆ ಮರದ ಬೆಣೆ ಬಡಿದಿತ್ತು. ಯಾರ ಕೆಲಸವೆಂದು ಅಂಗಡಿಯವನನ್ನು ಕೇಳಿದೆ.

“ಆ ಅಜ್ಜೀದೇ, ಸ್ವಾಮಿ. ನೀರು ಹಿಡಿದ ಮೇಲೆ ತಾನೇ ಬಡಿದು ಹೋಗ್ತಾಳೆ” ಎಂದ.