ಆಟದ ಪೆಟ್ಟಿಗೆಯ ಹಾಡಿಗೆ ಹೊಸ ಉಡುಗೆ

ದಿನದ ದುಡಿಮೆ ಮುಗಿದ ಬಳಿಕ ಮನುಷ್ಯನ ಪಾಲಿಗೆ ಉಳಿಯುವ ಒಂದೆರಡು ತಾಸುಗಳು ಯಾರ ಸ್ವತ್ತು ಎಂಬುದು ಸಣ್ಣ ಪ್ರಶ್ನೆಯೇನಲ್ಲ. ಹೋಟೆಲಿನ ಬಾಗಿಲು ಹಾಕಿ ಕೋಣೆಗೆ ಮರಳಿದ ಸೋದರನದಾಗಲಿ, ಕಡತಗಳನ್ನು ಕಟ್ಟಿಟ್ಟು ಬಸ್ಸು ಹಿಡಿದ ಗುಮಾಸ್ತನದಾಗಲಿ, ಆ ಹೊತ್ತನ್ನು ಇಂದು ಕೈಯಲ್ಲಿರುವ ಮೊಬೈಲು ನುಂಗುತ್ತಿದೆ. ನೋಡುವುದು, ಕೇಳುವುದು, ನಿದ್ದೆ ಹೋಗುವುದು. ಇಷ್ಟರಲ್ಲಿ ರಾತ್ರಿ ಕಳೆಯುತ್ತದೆ. ಆ ಹೊತ್ತಿನಲ್ಲಿ ಏನನ್ನಾದರೂ ಸ್ವತಃ ಮಾಡಬೇಕೆಂಬ ಹಂಬಲವುಳ್ಳವರಿಗಾಗಿ ನಾವು ಇಂದು ಒಂದು ಹವ್ಯಾಸವನ್ನು ಪರಿಚಯ ಮಾಡಿಕೊಡಬಯಸುತ್ತೇವೆ. ವಿಡಿಯೋ ಗೇಮುಗಳ ಸಂಗೀತವನ್ನು ತನ್ನ ಇಷ್ಟದಂತೆ ಹೊಸದಾಗಿ ಅಣಿಗೊಳಿಸಿ, ಧ್ವನಿಮುದ್ರಿಸಿ, ಹದವರಿತು ಬೆರೆಸುವುದೇ ಆ ಹವ್ಯಾಸ. ರೀಮಿಕ್ಸ್ ಎಂದು ಅದರ ರೂಢಿಯ ಹೆಸರು.

ಮಕ್ಕಳ ಆಟದ ಪೀಪೀ ಸದ್ದಿಗೂ ಸಂಗೀತವೆಂಬ ಹೆಸರೇ ಎಂದು ಹಿರಿಯರು ಮೂಗು ಮುರಿದಾರು. ಅವರ ಸಂಶಯ ಸಹಜವೇ. ಆದರೆ ಇಂದು ನಲವತ್ತರ ಆಸುಪಾಸಿನಲ್ಲಿರುವ ನಮ್ಮ ಅನೇಕ ವಾಚಕರ ಬಾಲ್ಯದಲ್ಲಿ ಆ ಸದ್ದು ಬೆರೆತುಹೋಗಿದೆ. ಟಿ.ವಿ.ಗೆ ತಗುಲಿಸಿ ಆಡುವ ಆಟದ ಪೆಟ್ಟಿಗೆಗಳು 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಿಗೆ ಹೇರಳವಾಗಿ ಬಂದವು. ಅವುಗಳಲ್ಲಿ ಅನೇಕವು ಜಪಾನಿನ ಯಂತ್ರದ ಅಗ್ಗದ ನಕಲುಗಳು. ಮಾರಿಯೋ, ಕಾಂಟ್ರಾ ಮೊದಲಾದ ಆಟಗಳನ್ನು ಅಂದು ಆಡಿದವರಿಗೆ ಅವುಗಳ ಮಟ್ಟುಗಳು ಇಂದಿಗೂ ಬಾಯಿಪಾಠ. ಅವನ್ನು ಕಟ್ಟಿದವರು ಯಾರೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಹೆಸರಿಲ್ಲದ ಕಸಬುದಾರರು

ತಿಳಿಯದಿರುವುದಕ್ಕೆ ಕಾರಣವುಂಟು. 1985ರಲ್ಲಿ ಹೊರಬಂದ ಸೂಪರ್ ಮಾರಿಯೋ ಬ್ರದರ್ಸ್ ಆಟಕ್ಕೆ ಸಂಗೀತ ರಚಿಸಿದವರು ಜಪಾನಿನ ಕೋಜಿ ಕೊಂಡೊ. ಆಟವನ್ನು ಕೊನೆಯ ತನಕ ಆಡಿ ಗೆದ್ದರೂ ತೆರೆಯ ಮೇಲೆ ಅವರ ಹೆಸರು ಕಾಣಿಸುತ್ತಿರಲಿಲ್ಲ. ಕ್ಯಾಪ್‌ಕಾಮ್ ಸಂಸ್ಥೆಯ 1991ರ ಸ್ಟ್ರೀಟ್ ಫೈಟರ್ 2 ಆಟದ ಬಹುಪಾಲು ಸಂಗೀತ ಯೋಕೊ ಶಿಮೊಮುರಾ ಎಂಬ ಮಹಿಳೆಯ ರಚನೆ. ಆ ಕಾಲದಲ್ಲಿ ಅಲ್ಲಿ ಕೆಲಸಗಾರರ ನಿಜನಾಮಗಳ ಬದಲು ಅಡ್ಡಹೆಸರುಗಳನ್ನು ತೋರಿಸುವ ವಾಡಿಕೆಯಿತ್ತು. ಒಲೆಯ ಮುಂದೆ ನಿಂತ ಭಟ್ಟರ ಹೆಸರನ್ನು ಗಿರಾಕಿ ಕೇಳುವುದಿಲ್ಲ; ದೋಸೆಯ ರುಚಿಯನ್ನು ಹೊಗಳಿ, ಗಲ್ಲಾದಲ್ಲಿ ಹಣ ಕೊಟ್ಟು ಹೊರಡುತ್ತಾನೆ. ಈ ಸಂಗೀತಗಾರರ ಪಾಡೂ ಅಂದು ಅದೇ ಆಗಿತ್ತು.

ಅವರ ಕೈಯಲ್ಲಿದ್ದ ಸಾಮಗ್ರಿಯಾದರೂ ಎಷ್ಟು? ಮಾರಿಯೋ ಆಟ ನಡೆಯುತ್ತಿದ್ದ ಯಂತ್ರದಲ್ಲಿ ಏಕಕಾಲಕ್ಕೆ ಐದು ಧ್ವನಿಗಳು ಮಾತ್ರ ಹೊರಡಬಲ್ಲವು. ಎರಡು ಪೀಪಿಯಂತಹ ಸ್ವರಗಳು, ಒಂದು ಮೆದುವಾದ ತಗ್ಗು ಸ್ವರ, ತಾಳಕ್ಕಾಗಿ ಒಂದು ಬರಿಯ ಸದ್ದು, ಮತ್ತೊಂದು ಮುದ್ರಿತ ಧ್ವನಿಯ ತುಣುಕಿಗೆ ಮೀಸಲು. ಇಷ್ಟರಲ್ಲಿಯೇ ಆಟದ ಸದ್ದುಗಳೂ ಅಡಗಬೇಕು. ಆಟದ ವೀರನು ನೆಗೆದಾಗ, ಆ ನೆಗೆತದ ಸದ್ದಿಗಾಗಿ ಸಂಗೀತದ ಒಂದು ಸ್ವರ ಕ್ಷಣಕಾಲ ಎಡೆ ಬಿಟ್ಟುಕೊಡಬೇಕಾಗಿತ್ತು. ಇಂತಹ ಇಕ್ಕಟ್ಟಿನಲ್ಲಿ ಕೊಂಡೊ ಅವರು ಕಟ್ಟಿದ ಮಟ್ಟನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯವು ರಾಷ್ಟ್ರೀಯ ಧ್ವನಿಮುದ್ರಿಕೆಗಳ ದಾಖಲೆಗೆ ಸೇರಿಸಿಕೊಂಡಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಗೌರವ ಸಂದುದು ಅದೇ ಮೊದಲು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಆರಂಭೋತ್ಸವದಲ್ಲಿ ನಾನಾ ದೇಶಗಳ ಆಟಗಾರರು ಹೆಜ್ಜೆ ಹಾಕಿದುದು ಕೂಡ ಜಪಾನಿನ ಆಟಗಳ ಸಂಗೀತಕ್ಕೆ.

ಮಟ್ಟು ಒಂದು, ಉಡುಗೆ ನೂರು

ಇದ್ದ ಮಟ್ಟಿಗೆ ಹೊಸ ಉಡುಗೆ ತೊಡಿಸುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ನಮ್ಮ ನಾಟಕ ಕಂಪನಿಗಳು ಮರಾಠಿ ರಂಗಭೂಮಿಯ ಮಟ್ಟುಗಳಿಗೆ ಕನ್ನಡದ ಮಾತು ಕೂಡಿಸಿ ಹಾಡಿದುವು. ಒಂದೇ ದಾಸರ ಪದವನ್ನು ಒಬ್ಬರು ಒಂದು ರಾಗದಲ್ಲಿಯೂ ಇನ್ನೊಬ್ಬರು ಇನ್ನೊಂದು ರಾಗದಲ್ಲಿಯೂ ಹಾಡುವುದನ್ನು ಕೇಳಿ ನಾವು ತಲೆದೂಗುತ್ತೇವೆ. ಮೂಲ ಕೆಟ್ಟಿತೆಂದು ಯಾರೂ ಗೊಣಗುವುದಿಲ್ಲ.

ಆಟದ ಸಂಗೀತದಲ್ಲಿಯೂ ಇದಕ್ಕೆ ಉತ್ತಮ ನಿದರ್ಶನವಿದೆ. ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿಟ್‌ನೊವ್ ಅವರು 1984ರಲ್ಲಿ ರೂಪಿಸಿದ ಟೆಟ್ರಿಸ್ ಆಟವು 1989ರಲ್ಲಿ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕೆ ಬಂದಿತು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಹೊಂದಿಸುವ ಆ ಆಟ ಎಲ್ಲರಿಗೂ ಗೊತ್ತು. ಅದರ ಪ್ರಸಿದ್ಧ ಮಟ್ಟು 'ಕೊರೊಬೆಯ್ನಿಕಿ' ಎಂಬ ರಷ್ಯದ ಜನಪ್ರಿಯ ಹಾಡಿನದು. ಹಾಡಿನ ಮಾತು ನೆಕ್ರಾಸೊವ್ ಕವಿಯ 1861ರ ಕಾವ್ಯದಿಂದ ಬಂದುದು. ಆ ಹೆಸರಿನ ಅರ್ಥ, ಪೆಟ್ಟಿಗೆ ಹೊತ್ತು ಊರೂರು ತಿರುಗುವ ವ್ಯಾಪಾರಿಗಳು ಎಂದು. ಗೇಮ್ ಬಾಯ್‌ಗಾಗಿ ಅದನ್ನು ಅಣಿಗೊಳಿಸಿದವರು ಜಪಾನಿನ ಹಿರೋಕಾಜು ತನಾಕಾ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಹಾಡು ತಾನೂ ಊರು ಬಿಟ್ಟು, ಜಪಾನಿನ ಮಾರ್ಗವಾಗಿ ಲೋಕವನ್ನೆಲ್ಲ ಸುತ್ತಿ, ನಮ್ಮ ಮಕ್ಕಳ ಕಿವಿಗೂ ಬಿದ್ದಿತು.

ನಾವು ಬಾಳುತ್ತಿರುವ ಹೈದರಾಬಾದಿನಲ್ಲಿಯೇ ಇಂತಹ ಪ್ರವಾಸಿ ಸಂಗೀತವೊಂದಿದೆ. ಮದುವೆಯ ಮೆರವಣಿಗೆಗಳಲ್ಲಿ ಮೊಳಗುವ ಮರ್ಫಾ ವಾದ್ಯವನ್ನು ಕೇಳದವರಾರು? ಅದನ್ನು ಇಲ್ಲಿಗೆ ತಂದವರು ನಿಜಾಮರ ಸೈನ್ಯದಲ್ಲಿ ಸೇವೆಗೆ ಸೇರಿದ ಆಫ್ರಿಕದ ಸಿದ್ದಿಗಳು ಮತ್ತು ಯೆಮನ್ ಕಡೆಯ ಅರಬರು. ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರು ಆ ಆಫ್ರಿಕನ್ ಅಶ್ವದಳದ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ದೂರದಿಂದ ಬಂದವರ ತಾಳ ಇಂದು ಹೈದರಾಬಾದಿನದೇ ಆಗಿಬಿಟ್ಟಿದೆ. ಹೊಸ ಊರಿನಲ್ಲಿ ಹಾಡು ಬದಲಾಗುತ್ತದೆ, ಆದರೆ ಅಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಣಿಗೊಳಿಸುವ ಬಗೆ

ಹಾಗಾದರೆ ಆರಂಭಿಸುವುದು ಹೇಗೆ? ಮೊದಲು ಒಂದೇ ಒಂದು ಮಟ್ಟನ್ನು ಆಯ್ದುಕೊಳ್ಳಬೇಕು. ಕೊರೊಬೆಯ್ನಿಕಿಯೇ ಉತ್ತಮ, ಅದು ಹಳೆಯ ಹಾಡಾದ್ದರಿಂದ ಅದರ ಮೂಲ ಮಟ್ಟಿನ ಮೇಲೆ ಯಾರ ಹಕ್ಕೂ ಇಲ್ಲ. ಅದನ್ನು ಹತ್ತಾರು ಬಾರಿ ಕೇಳಿ, ಮೊದಲು ಹಾಡಿನ ಸ್ವರಗಳನ್ನು, ಬಳಿಕ ತಳದಲ್ಲಿ ನಡೆಯುವ ತಗ್ಗು ಸ್ವರಗಳನ್ನು ಹಾರ್ಮೋನಿಯಂ ಇಲ್ಲವೆ ಸಣ್ಣ ಕೀಬೋರ್ಡಿನ ಮೇಲೆ ಹುಡುಕಬೇಕು. ಕರ್ನಾಟಕ ಸಂಗೀತ ಬಲ್ಲವರಿಗೆ ಅಲ್ಲಿ ನಟಭೈರವಿ ಮೇಳದ ಛಾಯೆ ಕಾಣಿಸೀತು.

ಅನಂತರದ ಪ್ರಶ್ನೆಯೇ ಮುಖ್ಯವಾದುದು: ಈ ಮಟ್ಟಿನಿಂದ ನಾವು ಹೇಳಬೇಕಾದುದೇನು? ಆಟದಲ್ಲಿ ಅದು ಚುರುಕಿನ ನಡೆ. ಬೀಳುವ ಇಟ್ಟಿಗೆಗಳಿಗೆ ತಕ್ಕ ಅವಸರ. ಅದೇ ಸ್ವರಗಳನ್ನು ವಿಳಂಬ ಕಾಲದಲ್ಲಿ ಒಂದು ಕೊಳಲಿನ ಮೇಲೆ ನುಡಿಸಿ ನೋಡಿದರೆ, ಹೊರೆ ಹೊತ್ತು ನಡೆಯುವವನ ನಿಟ್ಟುಸಿರು ಅದರಲ್ಲಿ ಕೇಳಿಸುತ್ತದೆ. ಕರಾವಳಿಯ ಸೋದರರು ಅದಕ್ಕೆ ಮದ್ದಳೆಯನ್ನು ಕೂಡಿಸಿ, ಕೊನೆಗೆ ಚಂಡೆಯ ಏರುಗಾಲ ತರಬಹುದು. ಬೀದರ, ಕಲಬುರಗಿ ಕಡೆಯವರಿಗೆ ಹಲಗೆಯ ಬಡಿತ ನೆನಪಾದೀತು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗರಿಗೆ ಮರ್ಫಾ. ಮೂಲದ ಧ್ವನಿಗಳನ್ನು ತೆಗೆದು ಬೇರೆ ವಾದ್ಯದ ಧ್ವನಿಗಳನ್ನು ಇಟ್ಟ ಮಾತ್ರಕ್ಕೆ ಅದು ಹೊಸ ರಚನೆಯಾಗದು. ಕಟ್ಟಿದವನ ಊರು, ಕಿವಿ, ಮನಸ್ಸು ಅದರೊಳಗೆ ಬರಬೇಕು.

ಧ್ವನಿಮುದ್ರಣ

ಇದಕ್ಕೆ ಸ್ಟುಡಿಯೋ ಬೇಕಾಗಿಲ್ಲ. ಒಂದು ಹಳೆಯ ಕಂಪ್ಯೂಟರ್, ಒಂದು ಸಾಧಾರಣ ಮೈಕು, ತಂತಿಯುಳ್ಳ ಹೆಡ್‌ಫೋನು, ಇಷ್ಟಿದ್ದರೆ ಸಾಕು. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ನಾವು ನುಡಿಸಿದ ಸ್ವರ ತುಸು ತಡವಾಗಿ ಕೇಳಿಬರುವುದರಿಂದ ತಾಳ ತಪ್ಪುತ್ತದೆ. ಆಡಾಸಿಟಿ, ಎಲ್‌ಎಂಎಂಎಸ್ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರಿನ ಬಿಡಿಭಾಗಗಳನ್ನೂ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿದ್ಯುತ್ ಸಾಮಾನುಗಳನ್ನೂ ನಾಲ್ಕು ಅಂಗಡಿ ವಿಚಾರಿಸಿ ಕೊಳ್ಳಬಹುದು. ಕಂತಿನ ಸಾಲ ಮಾಡಿ ದುಬಾರಿ ಯಂತ್ರ ಕೊಳ್ಳುವುದು ಸರ್ವಥಾ ಕೂಡದೆಂದು ನಾವು ಎಚ್ಚರಿಸುತ್ತೇವೆ. ಊರಿಗೆ ಕಳುಹಿಸಬೇಕಾದ ಹಣವನ್ನು ತಿನ್ನುವ ಹವ್ಯಾಸವು ಹವ್ಯಾಸವಲ್ಲ, ದುಶ್ಚಟ.

ಕೋಣೆಯ ಮೌನವೇ ಅತ್ಯಂತ ಬೆಲೆಯುಳ್ಳ ಸಾಮಗ್ರಿ. ನಾಲ್ಕಾರು ಮಂದಿ ಕೂಡಿ ಇರುವ ಕೋಣೆಯಲ್ಲಿ ಅದು ಸುಲಭವಲ್ಲ. ಜೊತೆಗಾರರು ಕೆಲಸಕ್ಕೆ ಹೋದ ವೇಳೆ ಅಥವಾ ವಾರದ ರಜೆಯ ಹೊತ್ತು ನೋಡಿ, ಫ್ಯಾನು ನಿಲ್ಲಿಸಿ, ಗೋಡೆಗೆ ಕಂಬಳಿಯನ್ನೋ ಜಮಖಾನವನ್ನೋ ತೂಗುಹಾಕಿದರೆ ಧ್ವನಿಯ ಮಾರ್ದನಿ ತಗ್ಗುವುದು. ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ, ಒಂದೇ ತಾಳದ ಟಿಕ್ ಟಿಕ್ ಸದ್ದನ್ನು ಕಿವಿಯಲ್ಲಿ ಕೇಳುತ್ತ ಮುದ್ರಿಸಬೇಕು. ಆಗ ಒಂದರ ತಪ್ಪನ್ನು ಇನ್ನೊಂದನ್ನು ಮುಟ್ಟದೆ ತಿದ್ದಬಹುದು. ಧ್ವನಿಯ ಮಟ್ಟ ಕೆಂಪು ಗೆರೆಯನ್ನು ಮುಟ್ಟಬಾರದು. ಅಲ್ಲಿ ಒಡೆದ ಧ್ವನಿಯನ್ನು ಬಳಿಕ ಸರಿಪಡಿಸುವುದು ಬಹು ಕಷ್ಟ. ತಣ್ಣಗಾದ ಸಾರನ್ನು ಬಿಸಿ ಮಾಡಬಹುದು, ಸೀದುಹೋದುದನ್ನು ಏನು ಮಾಡುವುದು?

ಬೆರೆಸುವ ಹದ

ಇನ್ನು ಮಿಕ್ಸಿಂಗ್. ಬೇಳೆ, ಹುಳಿ, ಉಪ್ಪು, ಒಗ್ಗರಣೆ ಎಲ್ಲವೂ ಉತ್ತಮವಾಗಿದ್ದರೂ ಹದ ತಪ್ಪಿದರೆ ಸಾಂಬಾರು ಕೆಡುವುದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಇಲ್ಲಿಯೂ ಅದೇ ನ್ಯಾಯ. ಮೊದಲು ಬೇರೆ ಯಾವ ಉಪಾಯವನ್ನೂ ಹೂಡದೆ, ಪ್ರತಿಯೊಂದು ವಾದ್ಯದ ಧ್ವನಿಯನ್ನು ಏರಿಸಿ ಇಳಿಸಿ, ಹಾಡು ಮುಂದೆ ನಿಲ್ಲುವಂತೆ ಮಾಡಬೇಕು. ಬಳಿಕ ಕೆಲವನ್ನು ಎಡಗಿವಿಗೂ ಕೆಲವನ್ನು ಬಲಗಿವಿಗೂ ತುಸು ಸರಿಸಿದರೆ ಅವು ಒಂದನ್ನೊಂದು ಮೆಟ್ಟುವುದಿಲ್ಲ. ಕೊಳಲಿನ ಮುದ್ರಣದಲ್ಲಿ ತಳದಲ್ಲಿ ಸೇರಿಕೊಂಡ ಗುಂಯ್‌ಗುಡುವಿಕೆಯನ್ನು ಈಕ್ವಲೈಸರಿನಿಂದ ಕತ್ತರಿಸಿದರೆ ಮದ್ದಳೆಗೆ ಎಡೆಯಾಗುತ್ತದೆ. ಕೊನೆಯಲ್ಲಿ ರಿವರ್ಬ್ ಎಂಬ ಮಾರ್ದನಿಯನ್ನು ಚಿಟಿಕೆಯಷ್ಟು ಸೇರಿಸಬೇಕು. ಹೊಸಬರು ಕೆಡುವುದು ಬಹುಮಟ್ಟಿಗೆ ಇದರ ಅತಿಯಿಂದಲೇ.

ಸಿದ್ಧವಾದುದನ್ನು ಮರುದಿನ ದಣಿಯದ ಕಿವಿಯಿಂದ ಹೆಡ್‌ಫೋನಿನಲ್ಲಿಯೂ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿಯೂ ಕೇಳಿ ನೋಡಬೇಕು. ಎರಡರಲ್ಲಿಯೂ ಮಟ್ಟು ಸ್ಪಷ್ಟವಾಗಿದ್ದರೆ ಹದ ಬಂದಿತೆಂದು ಅರ್ಥ. ಕಿವಿಯ ವಿಷಯದಲ್ಲಿಯೂ ಎಚ್ಚರವಿರಲಿ. 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಮಿತಿ ಹೇಳಿದೆ. ಹಗಲೆಲ್ಲ ಪಾತ್ರೆಗಳ ಮತ್ತು ಗ್ರೈಂಡರಿನ ಸದ್ದಿನಲ್ಲಿ ದುಡಿಯುವವರು ರಾತ್ರಿ ಧ್ವನಿಯನ್ನು ತಗ್ಗಿಸಿಯೇ ಕೇಳುವುದು ಕ್ಷೇಮ.

ಹೆಸರು ಮತ್ತು ಹಕ್ಕು

ಈ ಹವ್ಯಾಸಕ್ಕೊಂದು ಧರ್ಮವೂ ಇದೆ. ಅಮೆರಿಕದ ಡೇವಿಡ್ ಲಾಯ್ಡ್ ಎಂಬವರು 1999ರಲ್ಲಿ ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಬಳಗವನ್ನು ಸ್ಥಾಪಿಸಿದರು. ಅಲ್ಲಿಗೆ ಬರುವ ರಚನೆಗಳನ್ನು ತೀರ್ಪುಗಾರರು ಕೇಳಿ ಪರೀಕ್ಷಿಸುತ್ತಾರೆ. ಒಪ್ಪಿತವಾದುದನ್ನು ಹಣ ಪಡೆಯದೆ ಎಲ್ಲರಿಗೂ ಹಂಚುತ್ತಾರೆ. ಅಣಿಗೊಳಿಸಿದವರ ಹೆಸರಿನೊಡನೆ ಮೂಲ ಸಂಗೀತಗಾರರ ಹೆಸರನ್ನೂ ಹೇಳುತ್ತಾರೆ. ಹಿಂದೆ ತೆರೆಯ ಮೇಲೆ ಕಾಣದಿದ್ದ ಹೆಸರುಗಳನ್ನು ಲೋಕಕ್ಕೆ ತಿಳಿಸಿದವರಲ್ಲಿ ಹೀಗೆ ಹವ್ಯಾಸಿಗಳೂ ಸೇರಿದ್ದಾರೆ. ಕ್ಯಾಪ್‌ಕಾಮ್ ಸಂಸ್ಥೆಯು 2008ರಲ್ಲಿ ಸ್ಟ್ರೀಟ್ ಫೈಟರ್ ಆಟದ ಹೊಸ ಆವೃತ್ತಿಯೊಂದನ್ನು ಹೊರತಂದಾಗ, ಅದರ ಸಂಗೀತವನ್ನು ಹೊಸದಾಗಿ ಅಣಿಗೊಳಿಸುವ ಕೆಲಸವನ್ನು ಈ ಬಳಗದವರಿಗೇ ಒಪ್ಪಿಸಿತು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಸಂದ ಮರ್ಯಾದೆಯಿದು.

ಕಾನೂನನ್ನೂ ತಿಳಿದಿರಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಗೀತ ಕೃತಿಯನ್ನು ಹೊಸದಾಗಿ ಅಣಿಗೊಳಿಸುವುದು ಅದರ ರೂಪಾಂತರವೆನಿಸುತ್ತದೆ. ಆ ಹಕ್ಕು ಕೃತಿಯ ಒಡೆಯನದು. ಕರ್ತೃವಿನ ಜೀವಿತಕಾಲ ಮತ್ತು ಆ ಮೇಲೆ 60 ವರ್ಷಗಳವರೆಗೆ ಅದು ಊರ್ಜಿತ. ತನ್ನ ಕೋಣೆಯಲ್ಲಿ ಅಭ್ಯಾಸ ಮಾಡುವುದು ಬೇರೆ, ಲೋಕಕ್ಕೆ ಹಂಚುವುದು ಬೇರೆ, ಮಾರುವುದು ಇನ್ನೂ ಬೇರೆ. ಆದುದರಿಂದ ಅನುಮತಿಯಿಲ್ಲದೆ ಮಾರಾಟಕ್ಕೆ ಕೈಹಾಕಬಾರದು. ಎಲ್ಲಿ ನುಡಿಸಿದರೂ ಮೂಲ ಕರ್ತೃವಿನ ಹೆಸರನ್ನು ಮರೆಯಬಾರದು. ತನ್ನ ಕೈಗುಣಕ್ಕೆ ಹೆಸರು ದೊರೆಯದವನ ನೋವು ದುಡಿಯುವವರಾದ ನಮಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ಹೈದರಾಬಾದಿನ ತರುಣರಿಗೆ ಈ ವಿದ್ಯೆ ದೂರದ್ದೇನಲ್ಲ. ಭಾರತದ ಆಟ ತಯಾರಕರ ವಾರ್ಷಿಕ ಸಮ್ಮೇಳನವು 2022, 2023 ಮತ್ತು 2024ರಲ್ಲಿ ಈ ನಗರದಲ್ಲಿಯೇ ನೆರೆದಿತ್ತು. ಹವ್ಯಾಸದಿಂದ ಉದ್ಯೋಗ ದೊರೆಯುವುದೆಂದು ನಾವು ಆಸೆ ಹುಟ್ಟಿಸುವುದಿಲ್ಲ, ದೊರೆಯದಿದ್ದರೂ ನಷ್ಟವಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ನಮ್ಮ ಸಂಸ್ಥೆಗಳು ವರ್ಷಕ್ಕೊಂದು ಸಂಜೆಯನ್ನು ಇಂತಹ ಮನೆಯ ಧ್ವನಿಮುದ್ರಣಗಳನ್ನು ಕೇಳುವುದಕ್ಕಾಗಿ ಮೀಸಲಿಟ್ಟರೆ, ಚಂಡೆ ಬಲ್ಲ ಹಿರಿಯರೂ ಕಂಪ್ಯೂಟರ್ ಬಲ್ಲ ಕಿರಿಯರೂ ಒಂದೆಡೆ ಕೂಡಿಯಾರು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ರಾತ್ರಿ ಒಂದೊಂದು ತಾಸು ಕುಳಿತರೆ, ಮುಂದಿನ ದೀಪಾವಳಿಗೆ ಊರಿಗೆ ಹೋಗುವಾಗ ಮನೆಯವರಿಗೆ ಕೇಳಿಸಲು ಸ್ವಂತ ಕೈಯಿಂದ ಮಾಡಿದ ಒಂದು ಹಾಡಾದರೂ ಸಿದ್ಧವಾಗಿರುವುದು.